ಬೆಂಗಳೂರು ಎಷ್ಟು ಕಾದಿದೆ ಅಂತ ಸ್ಯಾಟಲೈಟ್ ಚಿತ್ರದಲ್ಲಿ ನೀವೇ ನೋಡೋದು ಹೇಗೆ

ಪ್ರತಿ ಬೇಸಿಗೆಲೂ ಒಂದು ಜೋಡಿ ಮ್ಯಾಪ್ ವಾಟ್ಸಾಪಲ್ಲಿ ಓಡಾಡತ್ತೆ, ಎಡಗಡೆ ಹಳೇ ಬೆಂಗಳೂರು ಹಸಿರು ನೀಲಿ, ಬಲಗಡೆ ಈಗಿನ ಬೆಂಗಳೂರು ಕೆಂಡದ ಬಣ್ಣ, ಕೆಳಗೆ ಇಷ್ಟು ಡಿಗ್ರಿ ಏರಿದೆ ಅಂತ ಒಂದು ಸಾಲು. ಊರು ಕಾದಿರೋದೇನೋ ನಿಜ. ಆದ್ರೆ ಆ ಎರಡು ಮ್ಯಾಪ್ ಪಕ್ಕಪಕ್ಕ ಇಟ್ಟಾಕ್ಷಣ ಅದು ಸಾಬೀತಾಗಲ್ಲ, ಯಾಕಂದ್ರೆ ಎಡಗಡೆದು ಮಳೆ ಬಿದ್ದ ಮಾರನೇ ದಿನದ್ದಿರಬಹುದು, ಬಲಗಡೆದು ತಿಂಗಳಿಂದ ಒಂದು ಹನಿ ಬೀಳದೇ ಇರೋ ದಿನದ್ದಿರಬಹುದು, ಸಾಲದ್ದಕ್ಕೆ ಎರಡಕ್ಕೂ ಬಣ್ಣದ ಸ್ಕೇಲೇ ಬೇರೆ ಇರತ್ತೆ. ಇದನ್ನ ಸರಿಯಾಗಿ ಮಾಡೋಕೆ ದುಡ್ಡು ಬೇಡ, ಕೋಡಿಂಗ್ ಬೇಡ, 8 ಜಿಬಿ ರ‍್ಯಾಮ್ ಇರೋ ಲ್ಯಾಪ್‌ಟಾಪು, ಫ್ರೀಯಾಗಿ ಸಿಗೋ ಕ್ಯೂಜಿಐಎಸ್ ಅನ್ನೋ ಮ್ಯಾಪ್ ಸಾಫ್ಟ್‌ವೇರು, ಒಂದೆರಡು ವೀಕೆಂಡ್ ಇದ್ರೆ ಸಾಕು.

ಮೊದಲು ಒಂದು ವಿಷಯ ತಲೆಲಿ ಕೂತ್ಕೊಳ್ಳಲಿ. ಸ್ಯಾಟಲೈಟ್ ಗಾಳಿಯ ಬಿಸಿ ಅಳೆಯಲ್ಲ. ಹವಾಮಾನ ಇಲಾಖೆಯವರು 2016ರ ಏಪ್ರಿಲ್ 24ಕ್ಕೆ ಬೆಂಗಳೂರಲ್ಲಿ 39.2 ಡಿಗ್ರಿ ಅಂದ್ರಲ್ಲ, ಅದು ನೆರಳಲ್ಲಿ, ಪೆಟ್ಟಿಗೆ ಒಳಗಿಟ್ಟ ಥರ್ಮಾಮೀಟರ್ ತೋರಿಸಿದ ಗಾಳಿಯ ಉಷ್ಣಾಂಶ. ಸ್ಯಾಟಲೈಟ್ ನೋಡೋದು ನೆಲದ ಮೈನ, ಅಂದ್ರೆ ತಾರಸಿ, ಟಾರು, ಮರದ ತಲೆ, ಬರೀ ಮಣ್ಣು, ಮೇಲಿಂದ ಏನು ಕಾಣತ್ತೋ ಅದು. ಮಧ್ಯಾಹ್ನ ಬರಿಗಾಲಲ್ಲಿ ತಾರಸಿಗೆ ಬಟ್ಟೆ ಒಣಗಾಕೋಕೆ ಹೋದೋರಿಗೆ ಈ ಎರಡರ ವ್ಯತ್ಯಾಸ ಹೇಳಿಕೊಡಬೇಕಾಗಿಲ್ಲ. ಹಾಗಾಗಿ ಮ್ಯಾಪಲ್ಲಿ 45 ಅಂತ ಬಂತು ಅಂದ ಮಾತ್ರಕ್ಕೆ ಬೆಂಗಳೂರಲ್ಲಿ 45 ಡಿಗ್ರಿ ಬಿಸಿಲು ಅಂತ ಬರೆಯೋ ಹಾಗಿಲ್ಲ.

ಯಾವ ಸ್ಯಾಟಲೈಟ್ ತಗೋಬೇಕು

ಹಳೇ ಕಾಲದಿಂದ ಈಗಿನವರೆಗೆ ನೋಡ್ಬೇಕು ಅಂದ್ರೆ ಲ್ಯಾಂಡ್‌ಸ್ಯಾಟ್ ಅನ್ನೋ ಅಮೆರಿಕದ ಸ್ಯಾಟಲೈಟ್ ಸರಣಿ ಬಿಟ್ಟು ಬೇರೆ ಗತಿ ಇಲ್ಲ. ಲ್ಯಾಂಡ್‌ಸ್ಯಾಟ್ 5 ಹಾರಿದ್ದು 1984ರಲ್ಲಿ, 2011ರ ಕೊನೆವರೆಗೂ ಚಿತ್ರ ಕಳಿಸ್ತು, ಲ್ಯಾಂಡ್‌ಸ್ಯಾಟ್ 8 ಬಂದಿದ್ದು 2013ರಲ್ಲಿ, 9 ಬಂದಿದ್ದು 2021ರಲ್ಲಿ. ಮಧ್ಯದಲ್ಲಿ 7 ಇದೆ, ಆದ್ರೆ 2003ರ ಮೇ ಕೊನೆಯಲ್ಲಿ ಅದರ ಒಂದು ಭಾಗ ಕೆಟ್ಟು ಅಲ್ಲಿಂದಾಚೆ ಎಲ್ಲಾ ಚಿತ್ರದಲ್ಲೂ ಪಟ್ಟೆ ಪಟ್ಟೆ ಖಾಲಿ, ಮೊದಲ ಸಲ ಮಾಡೋರು ಅದರ ಸಹವಾಸಕ್ಕೆ ಹೋಗ್ಬೇಡಿ. ಸೆಂಟಿನೆಲ್-2 ಚಿತ್ರ 10 ಮೀಟರ್‌ದು, ನೋಡೋಕೆ ತುಂಬಾ ಚೆನ್ನಾಗಿರತ್ತೆ, ಆದ್ರೆ ಬಿಸಿ ಅಳೆಯೋ ಥರ್ಮಲ್ ಬ್ಯಾಂಡೇ ಅದರಲ್ಲಿಲ್ಲ, ಮರ-ಗಿಡ ಲೆಕ್ಕಕ್ಕೆ ಮಾತ್ರ ಆಗತ್ತೆ.

ಲ್ಯಾಂಡ್‌ಸ್ಯಾಟ್ ಫೈಲು 30 ಮೀಟರ್ ಪಿಕ್ಸೆಲ್ ಅಂತ ಬರತ್ತೆ, ಅದನ್ನ ನಂಬಿ ನಮ್ಮ ಬೀದಿ, ನಮ್ಮ ಮನೆ ಅಂತ ಜೂಮ್ ಮಾಡೋರೇ ಜಾಸ್ತಿ. ಥರ್ಮಲ್ ಬ್ಯಾಂಡು ಅಸಲಿಗೆ ಲ್ಯಾಂಡ್‌ಸ್ಯಾಟ್ 8 ಮತ್ತು 9ರಲ್ಲಿ 100 ಮೀಟರ್, 5ರಲ್ಲಿ 120 ಮೀಟರ್, ಆಮೇಲೆ 30ಕ್ಕೆ ಹೊಂದಿಸಿ ಕೊಟ್ಟಿರ್ತಾರೆ ಅಷ್ಟೆ. ನೂರು ಮೀಟರಿನ ಒಂದು ಚೌಕ ಅಂದ್ರೆ ನಮ್ಮ ಲೆಕ್ಕದಲ್ಲಿ 30x40 ಅಡಿ ಸೈಟು ಹೆಚ್ಚುಕಡಿಮೆ 90 ಹಿಡಿಸತ್ತೆ, ರಸ್ತೆ ಬಿಡದೇ ಇದ್ರೆ. ಹಾಗಾಗಿ ಬಡಾವಣೆ ಮಟ್ಟದಲ್ಲಿ ಮಾತಾಡಿ, ಮನೆ ಮಟ್ಟದಲ್ಲಿ ಬೇಡ.

ಡೌನ್‌ಲೋಡ್

ಅಮೆರಿಕದ ಯುಎಸ್‌ಜಿಎಸ್‌ನವರ ಅರ್ಥ್ ಎಕ್ಸ್‌ಪ್ಲೋರರ್‌ನಲ್ಲಿ ಒಂದು ಅಕೌಂಟ್ ಮಾಡ್ಕೊಳ್ಳಿ, 2008ರಿಂದ ಲ್ಯಾಂಡ್‌ಸ್ಯಾಟ್ ಪೂರ್ತಿ ಫ್ರೀ. ಬೆಂಗಳೂರಿಗೆ ಪಾತ್ 144, ರೋ 51, ಅಂದ್ರೆ ಸ್ಯಾಟಲೈಟ್ ಹಾಯೋ ಪಟ್ಟಿ ಮತ್ತು ಅದರಲ್ಲಿನ ಚೌಕದ ನಂಬರು. ಡೇಟಾ ಸೆಟ್‌ನಲ್ಲಿ ಲ್ಯಾಂಡ್‌ಸ್ಯಾಟ್ ಕಲೆಕ್ಷನ್ 2 ಲೆವೆಲ್ 2 ಆರಿಸಿ. ಲೆವೆಲ್ 1 ತಗೊಂಡ್ರೆ ವಾತಾವರಣದ ಆವಿ, ನೆಲದ ಎಮಿಸಿವಿಟಿ (ಯಾವ ಮೈ ಎಷ್ಟು ಶಾಖ ಹೊರಸೂಸತ್ತೆ ಅನ್ನೋದು) ಎಲ್ಲಾ ನೀವೇ ಸರಿ ಮಾಡ್ಕೋಬೇಕು, ಹಳೇ ಟ್ಯುಟೋರಿಯಲ್‌ಗಳಲ್ಲಿ ಬರೋ ಉದ್ದುದ್ದ ಫಾರ್ಮುಲಾ ಎಲ್ಲಾ ಅದಕ್ಕೇ. ಲೆವೆಲ್ 2ರಲ್ಲಿ ಅವರೇ ಮಾಡಿ ಕೊಟ್ಟಿರ್ತಾರೆ. ಫೈಲ್ ಹೆಸರಲ್ಲಿ ಎಲ್2ಎಸ್‌ಪಿ ಅಂತ ಇದ್ರೆ ಮಾತ್ರ ತಗೊಳ್ಳಿ, ಎಲ್2ಎಸ್‌ಆರ್ ಅಂತಿದ್ರೆ ಅದರಲ್ಲಿ ಉಷ್ಣಾಂಶದ ಫೈಲೇ ಇರಲ್ಲ, ಇಳಿಸಿದ ಮೇಲೆ ಹುಡುಕಾಡ್ತಾ ಕೂರಬೇಕಾಗತ್ತೆ.

ಮೋಡ 10 ಪರ್ಸೆಂಟ್ ಒಳಗೆ ಅಂತ ಫಿಲ್ಟರ್ ಹಾಕಿ, ಆದ್ರೂ ಪ್ರಿವ್ಯೂ ಕಣ್ಣಲ್ಲಿ ನೋಡಿ. ಒಂದು ಸೀನ್, ಅಂದ್ರೆ ಒಂದು ಇಡೀ ಚಿತ್ರ, 185 ಕಿಲೋಮೀಟರ್ ಅಗಲ, ಮೋಡ ಎಲ್ಲೋ ಆಂಧ್ರದ ಕಡೆ ಇದ್ರೆ ನಮಗೇನೂ ತೊಂದ್ರೆ ಇಲ್ಲ, ಆದ್ರೆ ಬರೀ 4 ಪರ್ಸೆಂಟ್ ಅಂತ ತೋರಿಸಿ ಅಷ್ಟೂ ಬೆಂಗಳೂರ ಮೇಲೇ ಕೂತಿರೋದೂ ಉಂಟು. ಬಂಡಲ್ ಪೂರ್ತಿ ಇಳಿಸೋದು ಬೇಡ, ಮೊಬೈಲ್ ಹಾಟ್‌ಸ್ಪಾಟ್ ಡೇಟಾ ಮುಗಿದು ಹೋಗತ್ತೆ. ಬೇಕಾಗಿರೋದು ನೆಲದ ಬಿಸಿ ಇರೋ ಎಸ್‌ಟಿ ಬ್ಯಾಂಡ್ 10 (ಲ್ಯಾಂಡ್‌ಸ್ಯಾಟ್ 5 ಆದ್ರೆ ಎಸ್‌ಟಿ ಬ್ಯಾಂಡ್ 6), ಕೆಂಪು ಮತ್ತು ಇನ್‌ಫ್ರಾರೆಡ್ ಬೆಳಕಿನ ಎಸ್‌ಆರ್ ಬ್ಯಾಂಡ್ 4 ಮತ್ತು 5 (ಲ್ಯಾಂಡ್‌ಸ್ಯಾಟ್ 5ಕ್ಕೆ 3 ಮತ್ತು 4), ಮೋಡ ಎಲ್ಲಿದೆ ಅಂತ ಹೇಳೋ ಕ್ಯೂಎ ಪಿಕ್ಸೆಲ್ ಫೈಲು, ಜೊತೆಗೆ ಎಂಟಿಎಲ್ ಅನ್ನೋ ಟೆಕ್ಸ್ಟ್ ಫೈಲು. ಕೊನೇದನ್ನ ಯಾರೂ ತೆಗೆದು ನೋಡಲ್ಲ, ಅದು ಯಾಕೆ ಬೇಕು ಅಂತ ಮುಂದೆ ಹೇಳ್ತೀನಿ.

ಯಾವ ತಿಂಗಳು ಅನ್ನೋದೇ ದೊಡ್ಡ ಪ್ರಶ್ನೆ

ಎಲ್ಲರೂ ಮಾಡೋದು ಏಪ್ರಿಲ್ ಚಿತ್ರ ತಗೊಳ್ಳೋದು, ಬಿಸಿ ಅಂದ್ರೆ ಬೇಸಿಗೆ ತಾನೇ ಅಂತ. ತಗೊಂಡು ಮ್ಯಾಪ್ ಮಾಡಿದ್ರೆ ಊರಿನ ಒಳಗಿಗಿಂತ ಊರಾಚೆನೇ ಜಾಸ್ತಿ ಕೆಂಪು ಕಾಣತ್ತೆ, ದೇವನಹಳ್ಳಿ, ದೊಡ್ಡಬಳ್ಳಾಪುರ ಕಡೆ ಉರೀತಿರತ್ತೆ, ಮೆಜೆಸ್ಟಿಕ್ಕು ಜಯನಗರ ತಂಪಾಗಿರೋ ಹಾಗೆ. ಫೈಲ್ ತಪ್ಪಿದೆ ಅಂದ್ಕೊಂಡು ತುಂಬಾ ಜನ ಇಲ್ಲೇ ಬಿಟ್ಟುಬಿಡ್ತಾರೆ. ಫೈಲ್ ತಪ್ಪಿಲ್ಲ. ನಮ್ಮ ಕಡೆ ರಾಗಿ ಕುಯಿಲು ನವೆಂಬರ್-ಡಿಸೆಂಬರ್‌ಗೆ ಮುಗಿಯತ್ತೆ, ಆಮೇಲೆ ಹೊಲ ಬೋಳು, ಮಾರ್ಚ್-ಏಪ್ರಿಲ್ ಹೊತ್ತಿಗೆ ಒಣ ಕೆಮ್ಮಣ್ಣು. ಅದು ಬೆಳಗಿನ ಬಿಸಿಲಿಗೇ ಬೇಗ ಕಾಯತ್ತೆ. ಕಾಂಕ್ರೀಟು ನಿಧಾನಕ್ಕೆ ಕಾಯತ್ತೆ, ಒಳಗೆ ಹಿಡಿದಿಟ್ಟುಕೊಳ್ಳತ್ತೆ, ಮೇಲಾಗಿ ಊರಲ್ಲಿ ಕಟ್ಟಡದ ನೆರಳಿದೆ, ರಸ್ತೆ ಬದಿ ಮರ ಇದೆ. ಲ್ಯಾಂಡ್‌ಸ್ಯಾಟ್ ಬೆಂಗಳೂರ ಮೇಲೆ ಹೋಗೋದು ಬೆಳಗ್ಗೆ ಹತ್ತೂವರೆ ಆಸುಪಾಸು, ಆ ಹೊತ್ತಿಗೆ ಮಣ್ಣೇ ಮುಂದೆ.

ಊರು ತನ್ನ ಬಿಸಿ ತೋರಿಸೋದು ಸೂರ್ಯ ಮುಳುಗಿದ ಮೇಲೆ. ಹೊಲದ ಮಣ್ಣು ಬೇಗ ತಣ್ಣಗಾಗತ್ತೆ, ಗೋಡೆ-ತಾರಸಿ-ಟಾರು ಹಗಲೆಲ್ಲಾ ಕುಡಿದಿದ್ದನ್ನ ರಾತ್ರಿಯೆಲ್ಲಾ ಬಿಡ್ತಾ ಇರತ್ತೆ, ಎದುರುಬದುರು ಕಟ್ಟಡ ಒತ್ತೊತ್ತಾಗಿದ್ರೆ ಆ ಶಾಖ ಆಕಾಶಕ್ಕೆ ಹೋಗೋಕೂ ದಾರಿ ಕಮ್ಮಿ. ಹಗಲಿನ ಒಂದು ಚಿತ್ರ ಇಟ್ಕೊಂಡು ನಗರದ ಬಿಸಿ ಇಷ್ಟು ಅಂತ ತೀರ್ಪು ಕೊಟ್ರೆ ಅರ್ಧ ಕಥೆ ಬಿಟ್ಟ ಹಾಗೆ, ಬೆಂಗಳೂರು ಮಟ್ಟಿಗಂತೂ ದೊಡ್ಡ ಅರ್ಧಾನೇ ಬಿಟ್ಟ ಹಾಗೆ.

ಅದಕ್ಕೆ ಎರಡು ಸೀಸನ್ ತಗೊಳ್ಳಿ. ಒಂದು ಮಾರ್ಚ್, ಇನ್ನೊಂದು ಅಕ್ಟೋಬರ್ ಕೊನೆಯಿಂದ ನವೆಂಬರ್, ಹೊಲ ಇನ್ನೂ ಹಸಿರಿರೋವಾಗ, ಮೋಡ ಬಿಟ್ಟುಕೊಟ್ರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹುಡುಕೋದೇ ದಂಡ. ಏಪ್ರಿಲ್ ಮಧ್ಯದಿಂದ ಅಶ್ವಿನಿ ಮಳೆ, ಭರಣಿ ಮಳೆ ಶುರು, ಒಂದು ಜೋರು ಮಳೆ ಬಿದ್ರೆ ಮುಂದಿನ ಮೂರ್ನಾಲ್ಕು ದಿನದ ನೆಲದ ಬಿಸಿನೇ ಬೇರೆ, ಹಾಗಾಗಿ ಆರಿಸಿದ ತಾರೀಕಿನ ಹಿಂದಿನ ಒಂದು ವಾರ ಮಳೆ ಆಗಿತ್ತಾ ಅಂತ ನೋಡ್ಕೊಳ್ಳಿ. ವರ್ಷಕ್ಕೆ ಒಂದೇ ಸೀನ್ ನಂಬ್ಕೋಬೇಡಿ, ಅಕ್ಕಪಕ್ಕದ ವರ್ಷಗಳದ್ದೂ ಸೇರಿಸಿ, 1990ರ ಸುತ್ತಮುತ್ತ ಸಿಕ್ಕಷ್ಟು, ಈಗಿನದ್ದು 2020ರಿಂದೀಚೆಗೆ ನಾಲ್ಕೈದು, ಹೀಗೆ.

ಅಂಕಿನ ಡಿಗ್ರಿ ಮಾಡೋದು

ಎಸ್‌ಟಿ ಫೈಲ್ ಕ್ಯೂಜಿಐಎಸ್‌ನಲ್ಲಿ ತೆಗೆದು ಐಡೆಂಟಿಫೈ ಟೂಲ್ ಹಿಡಿದು ಎಲ್ಲಾದ್ರೂ ಕ್ಲಿಕ್ ಮಾಡಿ, 47000 ಥರ ಏನೋ ಒಂದು ನಂಬರ್ ಬರತ್ತೆ. ಅದನ್ನ 0.00341802ರಿಂದ ಗುಣಿಸಿ 149 ಕೂಡಿಸಿದ್ರೆ ಕೆಲ್ವಿನ್, ಅದರಲ್ಲಿ 273.15 ಕಳೆದ್ರೆ ಸೆಲ್ಸಿಯಸ್. 47000 ಅಂದ್ರೆ 36.5 ಡಿಗ್ರಿ. ಇದನ್ನೇ ರಾಸ್ಟರ್ ಕ್ಯಾಲ್ಕುಲೇಟರ್‌ನಲ್ಲಿ ಇಡೀ ಫೈಲಿಗೆ ಹಾಕಿ, ಲ್ಯಾಂಡ್‌ಸ್ಯಾಟ್ 5ಕ್ಕೂ ಇದೇ ಲೆಕ್ಕ. ಆದ ಮೇಲೆ ಎಲ್ಲಾದ್ರೂ ಮೈನಸ್ 124 ಡಿಗ್ರಿ ಕಂಡ್ರೆ ಗಾಬರಿ ಆಗ್ಬೇಡಿ, ಅಲ್ಲಿ ಡೇಟಾ ಇಲ್ಲ, ಸೊನ್ನೆ ಇತ್ತು, ಸೊನ್ನೆಗೂ ಫಾರ್ಮುಲಾ ಓಡಿದೆ. ಮುಂಚೆನೇ ಸೊನ್ನೆನ ನೋಡೇಟಾ ಅಂತ ಸೆಟ್ ಮಾಡಿ, ಇಲ್ಲದಿದ್ರೆ ಸರಾಸರಿ ತೆಗೆಯೋವಾಗ ಅದೂ ಸೇರಿ ಎಲ್ಲಾ ಕೆಡಿಸತ್ತೆ.

ಮೋಡ ತೆಗೆಯೋಕೆ ಕ್ಯೂಎ ಪಿಕ್ಸೆಲ್ ಫೈಲು. ಬಿಟ್ಟು-ಬೈಟು ಅಂತ ತಲೆ ಕೆಡಿಸ್ಕೊಳ್ಳೋದು ಬೇಡ ಅನ್ನೋರಿಗೆ ಸುಲಭದ ದಾರಿ: ಲ್ಯಾಂಡ್‌ಸ್ಯಾಟ್ 8, 9ರಲ್ಲಿ 21824 ಅಂದ್ರೆ ಶುಭ್ರ ನೆಲ, 21952 ಅಂದ್ರೆ ಶುಭ್ರ ನೀರು. ಲ್ಯಾಂಡ್‌ಸ್ಯಾಟ್ 5ರಲ್ಲಿ ಅದೇ 5440 ಮತ್ತು 5504. ನೆಲದ ನಂಬರ್ ಇರೋ ಪಿಕ್ಸೆಲ್ ಮಾತ್ರ ಇಟ್ಕೊಳ್ಳಿ, ನೀರು ಈ ಲೆಕ್ಕಕ್ಕೆ ಬೇಡ. ಕೆರೆಗಳ ವಿಷಯದಲ್ಲಿ ಸ್ವಲ್ಪ ಹುಷಾರು, ಬೆಳ್ಳಂದೂರು ಕೆರೆ ಥರದ್ದು ಮ್ಯಾಪಲ್ಲಿ ನೀಲಿ ಇದ್ರೂ ಚಿತ್ರದ ದಿನ ಅಲ್ಲಿ ಜೊಂಡು ಇರಬಹುದು, ಹೂಳು ಇರಬಹುದು, ಆಗ ಅದು ನೆಲ ಅಂತಾನೇ ಲೆಕ್ಕಕ್ಕೆ ಬರತ್ತೆ, ಕೈಯಲ್ಲೇ ಗೆರೆ ಎಳೆದು ತೆಗೆದುಬಿಡಿ. ಇನ್ನೊಂದು, ಪೀಣ್ಯ ಥರದ ಕಡೆ ಹೊಳೆಯೋ ಶೀಟ್ ಛಾವಣಿ ಇದ್ರೆ ಅದು ನಿಜಕ್ಕಿಂತ ತಂಪು ಅಂತ ತೋರಿಸಬಹುದು, ಬರೀ ಲೋಹ ಶಾಖನ ಹೊರಸೂಸೋದೇ ಕಮ್ಮಿ, ಆ ಬಿಡಿ ಪಿಕ್ಸೆಲ್‌ಗಳ ಮೇಲೆ ಥಿಯರಿ ಕಟ್ಟೋಕೆ ಹೋಗ್ಬೇಡಿ.

ಗಡಿ ಹಾಕೋದು

ಪಾಲಿಕೆ ಗಡಿ ತಗೋಬೇಡಿ. 2007ರಲ್ಲಿ ಸುತ್ತಲಿನ ನಗರಸಭೆ, ಹಳ್ಳಿ ಎಲ್ಲಾ ಸೇರಿಸಿ ಬಿಬಿಎಂಪಿ ಮಾಡಿದ್ರು, 2025ರಲ್ಲಿ ಅದನ್ನೇ ಐದು ಪಾಲಿಕೆ ಮಾಡಿದ್ರು, ಬಿಸಿಗೆ ಇದೆಲ್ಲಾ ಗೊತ್ತಿಲ್ಲ. ವಿಧಾನಸೌಧ ಮಧ್ಯ ಇಟ್ಕೊಂಡು 35 ಕಿಲೋಮೀಟರ್ ಸುತ್ತು ಹಾಕಿ, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಏರ್‌ಪೋರ್ಟ್ ಎಲ್ಲಾ ಒಳಗೆ ಬರತ್ತೆ, ನಂದಿಬೆಟ್ಟ ಆಚೆ ಉಳಿಯತ್ತೆ. ಎತ್ತರನೂ ನೋಡ್ಬೇಕು, ಬೆಂಗಳೂರು 900 ಮೀಟರ್ ಆಸುಪಾಸು, ಪಶ್ಚಿಮಕ್ಕೆ ಅರ್ಕಾವತಿ ಕಣಿವೆ ಕಡೆ ಇಳಿತಾ ಹೋಗತ್ತೆ, ಸಾವನದುರ್ಗ 1200 ದಾಟತ್ತೆ. ತಗ್ಗಿದ್ದ ಕಡೆ ಹೇಗೂ ಬಿಸಿ ಜಾಸ್ತಿ, ಅದನ್ನ ಊರಿನ ಲೆಕ್ಕಕ್ಕೆ ಸೇರಿಸಬಾರದು. ಅರ್ಥ್ ಎಕ್ಸ್‌ಪ್ಲೋರರ್‌ನಲ್ಲೇ ಎಸ್‌ಆರ್‌ಟಿಎಂ ಅಂತ ಎತ್ತರದ ಫೈಲ್ ಸಿಗತ್ತೆ, 850ರಿಂದ 950 ಮೀಟರ್ ಒಳಗಿರೋದನ್ನ ಮಾತ್ರ ಉಳಿಸ್ಕೊಂಡ್ರೆ ಆಯ್ತು. ಪ್ರೊಜೆಕ್ಷನ್ (ಉಂಡೆ ಭೂಮಿನ ಚಪ್ಪಟೆ ಮ್ಯಾಪಿಗೆ ಇಳಿಸೋ ಲೆಕ್ಕ) ಎಲ್ಲದಕ್ಕೂ ಒಂದೇ ಇರಲಿ, ಯುಟಿಎಂ 43 ಉತ್ತರ.

ಹೊಲ, ಊರು, ಹೊಲ ಹೋಗಿ ಲೇಔಟ್ ಆಗಿದ್ದು

ಈ ಕೆಲಸದ ತಿರುಳು ಇಲ್ಲಿದೆ. ಊರು ಬೆಳೆದಿದ್ದರಿಂದ ಏನಾಯ್ತು ಅಂತ ಕೇಳೋವಾಗ ಬೆಳೆದ ಜಾಗನ ಬೆಳೀದೇ ಇರೋ ಜಾಗದ ಜೊತೆ ಹೋಲಿಸ್ಬೇಕು, ಅದೂ ಒಂದೇ ಚಿತ್ರದ ಒಳಗೆ.

ಐರೋಪ್ಯ ಒಕ್ಕೂಟದವರ ಜಿಎಚ್‌ಎಸ್‌ಎಲ್ ಅಂತ ಒಂದು ಫ್ರೀ ಡೇಟಾ ಇದೆ, 1975ರಿಂದ ಐದೈದು ವರ್ಷಕ್ಕೆ ಪ್ರತಿ 100 ಮೀಟರ್ ಚೌಕದಲ್ಲಿ ಎಷ್ಟು ಚದರ ಮೀಟರ್ ಕಟ್ಟಡ ಅಂತ ಕೊಡತ್ತೆ. 1990 ಮತ್ತು 2020ರದ್ದು ಇಳಿಸಿ. ನಿಮ್ಮ ಸುತ್ತಿನ ಮೇಲೆ 1 ಕಿಲೋಮೀಟರ್ ಗ್ರಿಡ್ ಎಳೀರಿ, ಝೋನಲ್ ಸ್ಟ್ಯಾಟಿಸ್ಟಿಕ್ಸ್ ಅನ್ನೋ ಕ್ಯೂಜಿಐಎಸ್ ಟೂಲ್ ಓಡಿಸಿ ಪ್ರತಿ ಚೌಕಕ್ಕೂ ಎರಡೂ ವರ್ಷದ ಕಟ್ಟಡದ ಪಾಲು ತಗೊಳ್ಳಿ. ಆಮೇಲೆ ಚೌಕಗಳನ್ನ ಮೂರು ಗುಂಪು ಮಾಡಿ: ಆವಾಗ್ಲೂ ಈವಾಗ್ಲೂ ಊರು, ಆವಾಗ್ಲೂ ಈವಾಗ್ಲೂ ಹೊಲ, ಆವಾಗ ಹೊಲ ಈವಾಗ ಲೇಔಟು. ನಾನು ಹೇಳೋದಾದ್ರೆ 5 ಪರ್ಸೆಂಟ್ ಒಳಗಿದ್ರೆ ಹೊಲ, 20 ದಾಟಿದ್ರೆ ಊರು, ಮಧ್ಯದ್ದು ಪಕ್ಕಕ್ಕಿಡಿ. ಮೂರನೇ ಗುಂಪು ಕಣ್ಣಿಗೆ ಬೀಳೋ ಜಾಗಗಳು ನಿಮಗೇ ಗೊತ್ತಿರತ್ತೆ, ಮಹದೇವಪುರ, ಸರ್ಜಾಪುರ ರಸ್ತೆ, 2008ರಲ್ಲಿ ಏರ್‌ಪೋರ್ಟ್ ಬಂದ ಮೇಲೆ ಬಳ್ಳಾರಿ ರಸ್ತೆಯ ಎರಡೂ ಬದಿ.

ಈಗ ಪ್ರತಿ ಚಿತ್ರದಲ್ಲೂ ಮೂರೂ ಗುಂಪಿನ ಸರಾಸರಿ ಬಿಸಿ ತೆಗೆದು ಎರಡನೇ ಗುಂಪಿನ ಸಂಖ್ಯೆನ ಮಿಕ್ಕ ಎರಡರಿಂದ ಕಳೀರಿ. ಅಂದ್ರೆ ಲೇಔಟ್ ಹೊಲಕ್ಕಿಂತ ಎಷ್ಟು ಹೆಚ್ಚು ಅಥವಾ ಕಮ್ಮಿ ಅಂತ. 1990ರಲ್ಲಿ ಆ ಚೌಕಗಳು ಹೊಲಾನೇ ಆಗಿದ್ದರಿಂದ ವ್ಯತ್ಯಾಸ ಸೊನ್ನೆ ಹತ್ರ ಇರ್ಬೇಕು, ಇಲ್ಲಾಂದ್ರೆ ಗುಂಪು ಮಾಡೋದ್ರಲ್ಲೇ ಏನೋ ಎಡವಟ್ಟಾಗಿದೆ. ಈಗಿನದ್ದರಲ್ಲಿ ಎಷ್ಟು ಬಂತೋ ಅದು ಬೆಳವಣಿಗೆ ಹಾಕಿದ ಗುರುತು.

ನೇರವಾಗಿ 1992ರ ಡಿಗ್ರಿ ಇಷ್ಟು, 2023ರ ಡಿಗ್ರಿ ಇಷ್ಟು ಅಂತ ಕಳೆದ್ರೆ ಯಾಕಾಗಲ್ಲ ಅಂದ್ರೆ, ಈಗ ಆ ಎಂಟಿಎಲ್ ಫೈಲ್ ತೆಗೀರಿ. ಅದರಲ್ಲಿ ಸೀನ್ ಸೆಂಟರ್ ಟೈಮ್ ಅಂತ ಒಂದು ಸಾಲಿದೆ, ಗ್ರೀನಿಚ್ ಟೈಮಲ್ಲಿರತ್ತೆ, ಐದೂವರೆ ಗಂಟೆ ಸೇರಿಸಿ. ಲ್ಯಾಂಡ್‌ಸ್ಯಾಟ್ 5ರ ಕಕ್ಷೆ ಸರಿದು ಸರಿದು 90ರ ದಶಕದ ಮಧ್ಯದಲ್ಲಿ ಅದು ಈಗಿನ ಲ್ಯಾಂಡ್‌ಸ್ಯಾಟ್‌ಗಿಂತ ಅರ್ಧ ಗಂಟೆಗೂ ಹೆಚ್ಚು ಮುಂಚೆ ಹಾಯ್ದು ಹೋಗ್ತಿತ್ತು. ಬೆಳಗ್ಗೆ ಒಂಬತ್ತೂವರೆಯಿಂದ ಹತ್ತೂವರೆ ಒಳಗೆ ನೆಲ ಎಷ್ಟು ಬೇಗ ಕಾಯತ್ತೆ ಅಂತ ಯೋಚಿಸಿ. ಅಷ್ಟು ಹೊತ್ತಿನ ವ್ಯತ್ಯಾಸನೇ ಹವಾಮಾನ ಬದಲಾವಣೆ ಅಂತ ಹೆಸರು ಹೊತ್ಕೊಂಡು ಮ್ಯಾಪಲ್ಲಿ ಕೂತುಬಿಡತ್ತೆ. ಒಂದೇ ಚಿತ್ರದ ಒಳಗೆ ಕಳೆದ್ರೆ ಹೊತ್ತು, ಮಳೆ, ಆ ದಿನದ ಹವೆ ಇವೆಲ್ಲಾ ಎರಡು ಕಡೆಗೂ ಒಂದೇ ಆಗಿರೋದ್ರಿಂದ ಬಹುಪಾಲು ಹೊಡೆದು ಹೋಗತ್ತೆ.

ಹೊಲ ಅಂತ ಇಟ್ಕೊಂಡ ಗುಂಪೂ ಮೂವತ್ತು ವರ್ಷ ಸುಮ್ನೆ ಇರಲ್ಲ. ರಾಗಿ ಹೋಗಿ ನೀಲಗಿರಿ ಬಂದಿರತ್ತೆ, ದ್ರಾಕ್ಷಿ ಬಂದಿರತ್ತೆ, ಬೋರ್‌ವೆಲ್ ಹಾಕಿ ತರಕಾರಿ ಮಾಡ್ತಿರ್ತಾರೆ, ಅದರಿಂದ ಹೊಲವೇ ತಂಪಾಗಿ ಊರು ಇನ್ನೂ ಬಿಸಿ ಅನ್ನೋ ಹಾಗೆ ಕಾಣಬಹುದು. ಇದಕ್ಕೆ ಎನ್‌ಡಿವಿಐ, ಅಂದ್ರೆ ಹಸಿರು ಎಷ್ಟಿದೆ ಅನ್ನೋ ಅಳತೆ, ಮಾಡಿ. ಎಸ್‌ಆರ್ ಬ್ಯಾಂಡ್‌ಗಳನ್ನ ಮೊದಲು 0.0000275ರಿಂದ ಗುಣಿಸಿ 0.2 ಕಳೀರಿ, ಆಮೇಲೆ ಇನ್‌ಫ್ರಾರೆಡ್‌ನಿಂದ ಕೆಂಪು ಕಳೆದು, ಎರಡರ ಮೊತ್ತದಿಂದ ಭಾಗಿಸಿ. ಹೊಲದ ಗುಂಪಿನ ಎನ್‌ಡಿವಿಐ ಆಗಿನದ್ದಕ್ಕೂ ಈಗಿನದ್ದಕ್ಕೂ ತುಂಬಾ ಏರಿದ್ರೆ ಅಂಥ ಚೌಕ ಬಿಟ್ಟು ಲೆಕ್ಕ ಮತ್ತೆ ಮಾಡಿ.

ರಾತ್ರಿ ನೋಡೋದು

ಇದಕ್ಕೆ ಮೋಡಿಸ್, ನಾಸಾದ ಆಕ್ವಾ ಸ್ಯಾಟಲೈಟಲ್ಲಿರೋ ಉಪಕರಣ. ಆಕ್ವಾ ಸ್ಯಾಟಲೈಟಿಗೆ ಗೊತ್ತು ಮಾಡಿದ ಹೊತ್ತು ಮಧ್ಯಾಹ್ನ ಒಂದೂವರೆ, ರಾತ್ರಿ ಒಂದೂವರೆ, 2002ರಿಂದ ಡೇಟಾ ಇದೆ. ಪಿಕ್ಸೆಲ್ 1 ಕಿಲೋಮೀಟರ್, ಒರಟು, ಆದ್ರೆ ನಮ್ಮ ಗ್ರಿಡ್ಡೂ ಅಷ್ಟೇ ಇದೆಯಲ್ಲ. ನಾಸಾದವರ ಆಪಿಯರ್ಸ್ ಅನ್ನೋ ಸೈಟಲ್ಲಿ ನಿಮ್ಮ ಸುತ್ತಿನ ಫೈಲ್ ಅಪ್‌ಲೋಡ್ ಮಾಡಿ, ಎಂವೈಡಿ11ಎ2 ಅನ್ನೋ ಎಂಟು ದಿನದ ಸರಾಸರಿ ಆರಿಸಿ, ರಾತ್ರಿಯ ಲೇಯರ್ ಟಿಕ್ ಮಾಡಿ ರಿಕ್ವೆಸ್ಟ್ ಕೊಟ್ರೆ ರೆಡಿ ಆದ ಮೇಲೆ ಮೇಲ್ ಬರತ್ತೆ. ನಂಬರು 14800 ಥರ ಇದ್ರೆ 0.02ರಿಂದ ಗುಣಿಸ್ಬೇಕು, 296 ಥರ ಇದ್ರೆ ಆಗಲೇ ಕೆಲ್ವಿನ್. ಫೆಬ್ರವರಿ-ಮಾರ್ಚ್‌ದು ತಗೊಳ್ಳಿ, ಆಕಾಶ ತಿಳಿಯಾಗಿರತ್ತೆ. ಕಟ್ಟಡದ ಗುಂಪನ್ನ ಇಲ್ಲಿಗೆ 2000 ಮತ್ತು 2020ರ ಜಿಎಚ್‌ಎಸ್‌ಎಲ್ ಇಟ್ಕೊಂಡು ಮತ್ತೆ ಮಾಡ್ಕೊಳ್ಳಿ, ಡೇಟಾ ಶುರುವಾಗೋದೇ ಅಲ್ಲಿಂದ. ಆಕ್ವಾ ಈಚಿನ ವರ್ಷಗಳಲ್ಲಿ ತನ್ನ ಹೊತ್ತಿನಿಂದ ಸರೀತಾ ಇದೆ, ಹಾಗಾಗಿ ಇಲ್ಲೂ ಅದೇ ರೂಲು, ಬರೀ ಡಿಗ್ರಿ ಬೇಡ, ಹೊಲದ ಜೊತೆ ವ್ಯತ್ಯಾಸ.

ಮಾರ್ಚ್ ಹಗಲಲ್ಲಿ ಹೊಲಕ್ಕಿಂತ ತಂಪು ಅಂತ ಕಂಡಿದ್ದ ಪೇಟೆ ಈ ಮ್ಯಾಪಲ್ಲಿ ಸೀದಾ ಮೇಲೆ ಬರತ್ತೆ, ಚಿಕ್ಕಪೇಟೆ, ಅವೆನ್ಯೂ ರಸ್ತೆ ಸುತ್ತ ಒಂದು ಗುಡ್ಡೆ ಥರ, ಅಂಚಿಗೆ ಹೋಗ್ತಾ ಇಳಿಜಾರು. ಲಾಲ್‌ಬಾಗ್ 240 ಎಕರೆ ಅಂದ್ರೂ 1 ಕಿಲೋಮೀಟರ್ ಪಿಕ್ಸೆಲ್ಲೇ ತುಂಬಲ್ಲ, ಹಾಗಾಗಿ ಅದರ ತಂಪು ಇಲ್ಲಿ ಸರಿಯಾಗಿ ಕಾಣಲ್ಲ, ಅದನ್ನ ಲ್ಯಾಂಡ್‌ಸ್ಯಾಟಲ್ಲೇ ನೋಡ್ಬೇಕು. ರಾತ್ರಿದ್ದನ್ನ ಇನ್ನೂ ಸಣ್ಣದಾಗಿ ನೋಡ್ಲೇಬೇಕು ಅನ್ನೋರಿಗೆ ಇಕೋಸ್ಟ್ರೆಸ್ ಇದೆ, ಬಾಹ್ಯಾಕಾಶ ನಿಲ್ದಾಣಕ್ಕೆ 2018ರಲ್ಲಿ ಕೂರಿಸಿದ್ದು, ಸುಮಾರು 70 ಮೀಟರ್, ಆದ್ರೆ ಅದು ಹಾಯೋ ಹೊತ್ತು ದಿನಕ್ಕೊಂದು ಥರ, ಹುಡುಕೋ ತಾಳ್ಮೆ ಇರ್ಬೇಕು.

ಗಾಳಿಯ ಬಿಸಿ ಜೊತೆ ತಾಳೆ ನೋಡೋಕೆ ಹವಾಮಾನ ಇಲಾಖೆಯ ನಗರದ ವೀಕ್ಷಣಾಲಯ ಮತ್ತು ಏರ್‌ಪೋರ್ಟಿನ ಸ್ಟೇಷನ್ ಎರಡರ ಕನಿಷ್ಠ ಉಷ್ಣಾಂಶ ಪಕ್ಕಪಕ್ಕ ಇಡಿ. ಗರಿಷ್ಠಕ್ಕಿಂತ ಕನಿಷ್ಠದಲ್ಲೇ ಊರಿನ ಪ್ರಭಾವ ಚೆನ್ನಾಗಿ ಗೊತ್ತಾಗತ್ತೆ, ಅದೇ ರಾತ್ರಿ ಕಥೆ. ಮಳೆ ಮೇಲೆ ಊರಿನ ಪ್ರಭಾವ ನೋಡ್ಬೇಕು ಅನ್ನೋರು ಸ್ಯಾಟಲೈಟ್ ಮಳೆ ಡೇಟಾ ನಂಬ್ಕೋಬೇಡಿ, ಅದರ ಒಂದು ಪಿಕ್ಸೆಲ್ಲೇ ಎಷ್ಟೋ ಕಿಲೋಮೀಟರ್ ಇರತ್ತೆ, ಯಲಹಂಕದಲ್ಲಿ ಜಡಿಮಳೆ ಜೆಪಿ ನಗರದಲ್ಲಿ ಬಿಸಿಲು ಅನ್ನೋ ಊರಿಗೆ ಅದು ಸಾಕಾಗಲ್ಲ, ನೆಲದ ಮೇಲಿನ ಮಳೆಮಾಪಕದ ಲೆಕ್ಕನೇ ಬೇಕು.

ಮ್ಯಾಪ್ ಹೊರಗೆ ಬಿಡೋ ಮುಂಚೆ

ಎರಡು ವರ್ಷದ ಮ್ಯಾಪಿಗೂ ಬಣ್ಣದ ಸ್ಕೇಲ್ ಒಂದೇ ಇರಲಿ, ಕನಿಷ್ಠ-ಗರಿಷ್ಠ ಕೈಯಲ್ಲೇ ಟೈಪ್ ಮಾಡಿ, ಕ್ಯೂಜಿಐಎಸ್ ತಾನೇ ಆರಿಸಿದ್ರೆ ಪ್ರತಿ ಚಿತ್ರಕ್ಕೂ ಬೇರೆ ಹಾಕ್ಕೊಳ್ಳತ್ತೆ. ಡಿಗ್ರಿ ಮ್ಯಾಪಿಗಿಂತ ವ್ಯತ್ಯಾಸದ ಮ್ಯಾಪ್ ಹಾಕೋದು ಇನ್ನೂ ಒಳ್ಳೇದು, ಸೊನ್ನೆ ಬಿಳಿ, ಹೆಚ್ಚು ಕೆಂಪು, ಕಮ್ಮಿ ನೀಲಿ. ಕೆಳಗೆ ಸ್ಯಾಟಲೈಟ್ ಹೆಸರು, ತಾರೀಕು, ಭಾರತೀಯ ಸಮಯ, ನೆಲದ ಮೈ ಉಷ್ಣಾಂಶ ಅನ್ನೋ ಪದ, ಯಾವ ಗುಂಪಿಗೆ ಹೋಲಿಸಿದ್ದು ಅಂತ ಬರೀರಿ. ಹಗಲಿಂದು ಹಾಕಿದ್ರೆ ರಾತ್ರಿದೂ ಹಾಕಿ, ಒಂದನ್ನೇ ಹಾಕಿದ್ರೆ ಅರ್ಧ ಜನ ಊರು ತಂಪಾಗಿದೆಯಂತೆ ಅಂತ ಶೇರ್ ಮಾಡ್ತಾರೆ, ಇನ್ನರ್ಧ ಜನ ನಿಮ್ಮನ್ನ ಬೈತಾರೆ.

ಮೈಸೂರು, ಹುಬ್ಬಳ್ಳಿ, ಕಲಬುರಗಿಗೂ ಇದೇ ದಾರಿ, ಪಾತ್-ರೋ ನಂಬರ್ ಬೇರೆ, ಜಾಗ ಟೈಪ್ ಮಾಡಿದ್ರೆ ಸೈಟೇ ಹೇಳತ್ತೆ. ಕಲಬುರಗಿ ಕಡೆ ಎರೆಭೂಮಿ, ಬೇಸಿಗೆ ಹಗಲಲ್ಲಿ ಹೊಲ ಇನ್ನೂ ಜಾಸ್ತಿ ಕಾಯತ್ತೆ, ಅಲ್ಲಿ ರಾತ್ರಿ ಡೇಟಾ ಬಿಟ್ಟು ಮಾತಾಡೋಕೇ ಹೋಗ್ಬೇಡಿ. ಮಂಗಳೂರಿನವರು ಡಿಸೆಂಬರ್‌ನಿಂದ ಫೆಬ್ರವರಿವರೆಗಿನ ಚಿತ್ರ ಮಾತ್ರ ನೋಡಿ, ಒಂದು ಕಡೆ ಸಮುದ್ರ ಇರೋದ್ರಿಂದ ಸುತ್ತು ಹಾಕೋ ಬದಲು ಕರಾವಳಿಗೆ ಸಮಾನಾಂತರವಾಗಿ ಪಟ್ಟಿ ಎಳೆದು, ಒಂದೇ ಪಟ್ಟಿ ಒಳಗಿನ ಊರು-ತೋಟ ಹೋಲಿಸಿ.